ಅರ್ಧ ರೊಟ್ಟಿ

ವಾಗ್ಭಟನಿಗೆ ಬನಹಟ್ಟಿಯಲ್ಲಿ ಬೀಗರು ಇದ್ದಿರಲಾರರು. ಇದ್ದಿದ್ದರೆ ಹೊಟ್ಟೆಯ ಲೆಕ್ಕವನ್ನು ಅಷ್ಟು ಧೈರ್ಯವಾಗಿ ಬರೆಯುತ್ತಿರಲಿಲ್ಲ. ಹೊಟ್ಟೆಯನ್ನು ನಾಲ್ಕು ಪಾಲು ಮಾಡಿ, ಎರಡನ್ನು ಅನ್ನಕ್ಕೂ ಒಂದನ್ನು ನೀರಿಗೂ ಕೊಟ್ಟು, ಉಳಿದೊಂದನ್ನು ಗಾಳಿಯಾಡಲು ಖಾಲಿ ಬಿಡಬೇಕೆಂದು ಅವನು ‘ಅಷ್ಟಾಂಗಹೃದಯ’ದಲ್ಲಿ ಹೇಳಿ ಸಾವಿರ ವರ್ಷಕ್ಕೂ ಮೇಲಾಯಿತು. ಆ ನಾಲ್ಕನೆಯ ಪಾಲು ನಮ್ಮ ಕಡೆ ಉಣ್ಣುವವನದಲ್ಲ, ಬಡಿಸುವವರದು. ಉಣ್ಣುವವನು ಅಂಗೈ ಅಡ್ಡ ಹಿಡಿದು ಅದನ್ನು ಕಾಯಬಹುದು ಅಷ್ಟೆ. ಕಾದು ಗೆದ್ದವರನ್ನು ನಾನಂತೂ ಕಂಡಿಲ್ಲ.

ಅರ್ಧ ರೊಟ್ಟಿಯ ಸಂಗತಿಯನ್ನೇ ತೆಗೆದುಕೊಳ್ಳಿ. ‘ಇನ್ನ ಅರ್ಧಾ ರೊಟ್ಟಿ ಸಾಕು ಕಾಕಿ’ ಎಂದರೆ ನಮ್ಮ ಕಾಕಿ ಬುಟ್ಟಿಯಿಂದ ಇಡೀ ರೊಟ್ಟಿಯನ್ನು ಎತ್ತಿ ಕಣ್ಣೆದುರಿಗೇ ಲಟಕ್ಕನೆ ಮುರಿಯುತ್ತಿದ್ದಳು. ಖಡಕ್ ರೊಟ್ಟಿ ಯಾರ ಕೈಯಲ್ಲೂ ಸರಿಸಮ ಮುರಿಯುವುದಿಲ್ಲ. ಕಾಕಿಯ ಕೈಯಲ್ಲಂತೂ ಒಂದು ತುಂಡು ಮುಕ್ಕಾಲು, ಇನ್ನೊಂದು ಕಾಲು. ಮುಕ್ಕಾಲು ನನ್ನ ತಾಟಿಗೆ ಬೀಳುತ್ತಿತ್ತು. ಎರಡು ತುತ್ತು ಇಳಿಯುವಷ್ಟರಲ್ಲಿ ಆ ಕಾಲೂ ಬರುತ್ತಿತ್ತು. ‘ಇಷ್ಟರಾಗ ಏನ ಉಳಿಸಿದಿ? ಇದನ್ನ ಯಾರಿಗಿಡ್ಲೋ ತಮ್ಮಾ?’ ತಿಂಗಳುಗಟ್ಟಲೆ ಇಟ್ಟರೂ ಕೆಡದ ಪದಾರ್ಥ ಜಗತ್ತಿನಲ್ಲಿ ಯಾವುದಾದರೂ ಇದ್ದರೆ ಅದು ಖಡಕ್ ರೊಟ್ಟಿ. ಆದರೂ ಆ ಕಾಲು ತುಂಡನ್ನು ಸಂಜೆಯವರೆಗೆ ಕಾಪಾಡುವುದು ಆ ಮನೆಯಲ್ಲಿ ಯಾರಿಂದಲೂ ಆಗದ ಕೆಲಸವಾಗಿತ್ತು.

ಆ ತಾಟಿನ ಮೇಲೆ ತಪ್ಪು ಹೊರಿಸಿದರೆ ಅನ್ಯಾಯವಾದೀತು. ಬಿಳಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮಡಕೆಕಾಳಿನ ಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆನೆಮೊಸರು. ಮಗ್ಗುಲಿಗೆ ಹಸಿ ಮೆಂತ್ಯಪಲ್ಯ, ಹಕ್ಕರಕಿ, ಗಜ್ಜರಿ, ಬಾಗಿಲ ಸಂದಿಯಲ್ಲಿಟ್ಟು ಒಡೆದ ಉಳ್ಳಾಗಡ್ಡಿ. 2024ರ ಮೇ ತಿಂಗಳಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಭಾರತೀಯರ ಊಟ ಹೇಗಿರಬೇಕೆಂದು 17 ಸೂತ್ರಗಳ ಹೊತ್ತಗೆಯನ್ನು ಹೊರತಂದಿತು. ಬೇಳೆಕಾಳು ಇರಲಿ, ತರಕಾರಿ ಸೊಪ್ಪು ಧಾರಾಳವಾಗಿರಲಿ, ಎಣ್ಣೆ ಉಪ್ಪು ಸಕ್ಕರೆಗೆ ಕಡಿವಾಣವಿರಲಿ ಎಂಬುದನ್ನೆಲ್ಲ ಅದರಲ್ಲಿ ಓದುವಾಗ ನನಗೆ ಕಾಕಿಯ ಅಡುಗೆಮನೆಯನ್ನು ಯಾರೋ ಕದ್ದು ನೋಡಿ ಬರೆದುಕೊಂಡಂತೆ ಅನಿಸಿತು. ಅದೂ ಅಲ್ಲದೆ ಖಡಕ್ ರೊಟ್ಟಿಗೆ ತನ್ನದೇ ಒಂದು ಶಿಸ್ತಿದೆ. ಅದನ್ನು ಗಬಗಬ ತಿನ್ನಲಾಗದು. ಮುರಿಯಬೇಕು, ನೆನೆಸಬೇಕು, ಅಗಿಯಬೇಕು. ಹೊಟ್ಟೆ ತುಂಬುವ ಮೊದಲೇ ದವಡೆ ಸೋಲುತ್ತದೆ. ಹಿಂದಿನವರು ಊಟದ ಮಿತಿಯನ್ನು ಉಪದೇಶಕ್ಕೆ ಬಿಡದೆ ರೊಟ್ಟಿಯಲ್ಲೇ ತಟ್ಟಿಟ್ಟಿದ್ದರು.

ಹಬ್ಬ ಬಂತೆಂದರೆ ಆ ಶಿಸ್ತು ಹಿತ್ತಿಲ ಬಾಗಿಲಿನಿಂದ ಹೊರಗೆ ಹೋಗುತ್ತಿತ್ತು. ಹೂರಣದ ಹೋಳಿಗೆ, ಶೇಂಗಾ ಹೋಳಿಗೆ, ಗೋಧಿ ಹುಗ್ಗಿ, ಕರಿಗಡಬು. ಇವುಗಳಿಗೆ ದವಡೆಯ ಹಂಗಿಲ್ಲ. ತುಪ್ಪ ಸುರಿಯುವಾಗ ಕಾಕಿಯ ಕಿವಿ ಮಂದವಾಗುತ್ತಿತ್ತು. ‘ಸಾಕು’ ಎಂಬ ಶಬ್ದ ಅವಳವರೆಗೆ ತಲುಪುವಷ್ಟರಲ್ಲಿ ಹೋಳಿಗೆ ತೇಲಾಡುತ್ತಿತ್ತು. ಮುಧೋಳದ ರನ್ನ ‘ಗದಾಯುದ್ಧ’ ಬರೆದ ಸೀಮೆ ನಮ್ಮದು. ಭೀಮನ ಗದೆ ಎಲ್ಲಿ ಹೋಯಿತೋ, ಅವನ ಹೊಟ್ಟೆಯನ್ನು ಮಾತ್ರ ಜೋಪಾನವಾಗಿ ಉಳಿಸಿಕೊಂಡು ಬಂದಿದ್ದೇವೆ. ಸೊಂಟ ಕಾಪಾಡಿಕೊಂಡದ್ದು ಮುಧೋಳದ ನಾಯಿ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರವಿದ್ದ ಅಂಚೆಚೀಟಿ ತಂದಾಗ ಊರವರೆಲ್ಲ ಹೆಮ್ಮೆಪಟ್ಟರು, ಆದರೆ ಅದು ದಿನಕ್ಕೆಷ್ಟು ಉಣ್ಣುತ್ತದೆ ಎಂದು ಯಾರೂ ವಿಚಾರಿಸಲಿಲ್ಲ.

ಗದೆ ಎಲ್ಲಿ ಹೋಯಿತೋ ಎಂದದ್ದು ಪೂರ್ತಿ ನಿಜವಲ್ಲ. ನಮ್ಮ ಕಾಕಾನ ಹರೆಯದಲ್ಲಿ ಅದು ಗರಡಿಮನೆಯ ಮೂಲೆಯಲ್ಲಿತ್ತು, ಜೋಡಿಗಳ ಪಕ್ಕದಲ್ಲಿ, ಎತ್ತುವ ಕಲ್ಲುಗುಂಡಿನ ಹಿಂದೆ. ನಸುಕಿನಲ್ಲೆದ್ದು ಲಂಗೋಟಿ ಕಟ್ಟಿ, ಹನುಮಪ್ಪನ ಫೋಟೋಕ್ಕೆ ಕೈಮುಗಿದು, ಎಣ್ಣೆ ಮಜ್ಜಿಗೆ ಅರಿಷಿಣ ಕಲಸಿ ಹದ ಮಾಡಿದ ಕೆಂಪುಮಣ್ಣಿಗೆ ಇಳಿದರೆ ಕಾಕಾನ ಲೋಕವೇ ಬೇರೆ. ದಂಡ, ಬಸ್ಕಿ, ಆಮೇಲೆ ಜೋರ್. ಅಲ್ಲಿ ಒಬ್ಬ ವಸ್ತಾದರಿದ್ದರು. ಮಾತು ಕಡಿಮೆ, ಕಣ್ಣು ಜಾಸ್ತಿ. ಹೊಸ ಹುಡುಗರು ಹುರುಪಿನಲ್ಲಿ ಬಸ್ಕಿ ಹೊಡೆಯುತ್ತಲೇ ಇದ್ದರೆ ಬೆನ್ನಿಗೊಂದು ಏಟು ಕೊಟ್ಟು ನಿಲ್ಲಿಸುತ್ತಿದ್ದರಂತೆ. ‘ಇನ್ನೊಂದ ನಾಕ ಹೊಡಿತೀನಿ ಅಂತ ಮೈ ಅನ್ನೂವಾಗನ ಎದ್ದ ಬಿಡಬೇಕಲೇ. ಮೈ ಬ್ಯಾಡ ಅಂದಮ್ಯಾಲೆ ಎದ್ರ ನಾಳಿ ಗರಡಿಗೆ ಬರೂದಿಲ್ಲ ನೀ.’

ಇದೂ ವಾಗ್ಭಟನ ಮಾತೇ. ಬಲವಿದ್ದವನು, ಜಿಡ್ಡಿನ ಊಟ ಉಣ್ಣುವವನು ಚಳಿಗಾಲದಲ್ಲಿ, ವಸಂತದಲ್ಲಿ ಅರ್ಧ ಶಕ್ತಿಯಷ್ಟು ಮಾತ್ರ ವ್ಯಾಯಾಮ ಮಾಡಬೇಕು, ಉಳಿದ ಕಾಲದಲ್ಲಿ ಅದಕ್ಕಿಂತ ಕಡಿಮೆ ಎಂದು ಅವನು ಬರೆದಿದ್ದಾನೆ. ಅರ್ಧವೆಂದು ತಿಳಿಯುವುದು ಹೇಗೆ? ಸುಶ್ರುತ ಅದಕ್ಕೂ ಗುರುತು ಹೇಳುತ್ತಾನೆ: ಉಸಿರು ಬಾಯಿಗೆ ಬಂದರೆ ಅರ್ಧ ಬಲ ಖರ್ಚಾಯಿತು. ವಸ್ತಾದರಿಗೆ ಸಂಸ್ಕೃತದ ಗಂಧವಿರಲಿಲ್ಲ. ಹುಡುಗರ ಬಾಯಿ ನೋಡುತ್ತ ಕೂತು ಅಲ್ಲಿಗೇ ಬಂದಿದ್ದರು. ಕಾಕಾ ಅವರ ಮಾತನ್ನು ಮಣ್ಣಿನಲ್ಲಿ ಚಾಚೂ ತಪ್ಪದೆ ಪಾಲಿಸಿದ, ತಾಟಿನೆದುರು ಮಾತ್ರ ಮರೆತ. ಅಥವಾ ತಾಟಿಗೂ ಅದೇ ಸೂತ್ರವೆಂದು ಅವನಿಗೆ ಹೊಳೆಯಲೇ ಇಲ್ಲ. ಅದು ಹೊಳೆಯದ ಹಾಗೆ ನೋಡಿಕೊಳ್ಳಲು ಕಾಕಿ ಇದ್ದಳು.

ಮರೆತರೂ ನಡೆಯುವ ಕಾಲ ಅದು. ಗರಡಿಯಿಂದ ಬಂದವನು ಸಂಜೆಯವರೆಗೆ ಮಗ್ಗದ ಕುಣಿಯಲ್ಲಿ. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಆಗ ಮನೆಗೊಂದು ಕುಣಿಮಗ್ಗ. ನಡುಮನೆಯ ನೆಲದಲ್ಲೇ ತೋಡಿದ ಕುಣಿ, ಅದರ ಅಂಚಿಗೆ ಕುಳಿತು ಕಾಲು ಕೆಳಗಿಳಿಸಬೇಕು. ಒಂದು ಕಾಲು ತುಳಿದರೆ ಹಾಸಿನ ಎಳೆಗಳು ಬಾಯಿ ತೆರೆಯುತ್ತವೆ; ಬಲಗೈ ಹಗ್ಗ ಜಗ್ಗಿದರೆ ಲಾಳಿ ಆ ಬಾಯೊಳಗಿಂದ ಆಚೆ ಓಡುತ್ತದೆ; ಎಡಗೈ ಚೌಕಟ್ಟನ್ನು ತನ್ನತ್ತ ಎಳೆದು ಹೊಕ್ಕಿನ ಎಳೆಯನ್ನು ಒತ್ತಿ ಕೂರಿಸುತ್ತದೆ. ಇಷ್ಟಾದರೆ ಒಂದು ಎಳೆ. ಮತ್ತೊಂದು ಕಾಲು, ಮತ್ತೆ ಹಗ್ಗ, ಮತ್ತೆ ಚೌಕಟ್ಟು. ಹೀಗೆ ಸಾವಿರ ಸಾವಿರ ಸಲವಾದರೆ ಒಂದು ಸೀರೆ. ಕಾಲು, ಸೊಂಟ, ತೋಳು, ಕಣ್ಣು ಯಾವುದಕ್ಕೂ ರಜೆಯಿಲ್ಲ. ಮಧ್ಯಾಹ್ನ ಕುಣಿಯಿಂದೆದ್ದು ಬಂದವನಿಗೆ ಕಾಕಿ ಎಷ್ಟು ಬಡಿಸಿದರೂ ಅದು ಸಂಜೆಯೊಳಗೆ ಸೀರೆಯಾಗಿಬಿಡುತ್ತಿತ್ತು. ಮಿತಿ ಎಂಬುದನ್ನು ಪ್ರತ್ಯೇಕವಾಗಿ ಆಚರಿಸುವ ಪ್ರಸಂಗವೇ ಅವರಿಗೆ ಬರಲಿಲ್ಲ. ಕೂಲಿಯೂ ಅಷ್ಟಕ್ಕಷ್ಟೇ ಇತ್ತಲ್ಲ. ಹೋಳಿಗೆ ದಿನವೂ ಬರುತ್ತಿರಲಿಲ್ಲ.

ಆಮೇಲೆ ಪಾವರ್‌ಲೂಮ್ ಬಂತು. ಕುಣಿಗಳು ಮುಚ್ಚಿದವು, ಮೇಲೆ ಫರಸಿ ಹಾಸಿದರು. ಖಟ್ ಖಟಾ ಖಟ್ ಎಂದು ಓಣಿಗೆ ಓಣಿಯೇ ಸದ್ದು ಮಾಡತೊಡಗಿತು. ಮೊದಲು ಮೈಯೆಲ್ಲ ಮಾಡುತ್ತಿದ್ದ ಕೆಲಸಕ್ಕೆ ಈಗ ಒಂದು ಜೊತೆ ಕಣ್ಣು ಸಾಕು. ಎಳೆ ಹರಿದರೆ ಕಟ್ಟು, ಕಂಡಿಕೆ ತೀರಿದರೆ ಬದಲಿಸು. ಕಾಕಾ ಕುರ್ಚಿ ಹಾಕಿಕೊಂಡು ಕುಳಿತ. ಅದೇ ಹೊತ್ತಿಗೆ ಸುತ್ತಲ ಹೊಲಗಳಲ್ಲಿ ಜೋಳ ಹೋಗಿ ಕಬ್ಬು ನಿಂತಿತು. ಕೃಷ್ಣೆ, ಘಟಪ್ರಭೆಯ ನೀರು ಹರಿದಲ್ಲೆಲ್ಲ ಕಬ್ಬು. ಜೋಳವನ್ನು ಮಾರುಕಟ್ಟೆಯಿಂದ ತರುವ ದಿನ ಬಂತು, ಚಪಾತಿ ದಿನದ ಊಟವಾಯಿತು, ಹಬ್ಬದ ಅಡುಗೆ ವಾರದ ಅಡುಗೆಯಾಯಿತು. ಎಲ್ಲವೂ ಬದಲಾಯಿತು, ಕಾಕಿಯ ಕೈಯೊಂದನ್ನು ಬಿಟ್ಟು. ಆ ಕೈಗೆ ಕುಣಿ ಮುಚ್ಚಿದ ಸುದ್ದಿ ಯಾರೂ ಮುಟ್ಟಿಸಿರಲಿಲ್ಲ.

ಕಾಕಾನಿಗೆ ಶುಗರ್ ಬಂದದ್ದು ಹಾಗೆ. ಡಾಕ್ಟರು ಸಕ್ಕರೆ ಬಿಡಿ ಎಂದರು. ಕಾಕಾ ಆಜ್ಞಾಧಾರಕನಾಗಿ ಅಂದೇ ಬಿಟ್ಟ, ಬೆಲ್ಲದ ಚಹಾ ಶುರು ಮಾಡಿದ. ಎರಡೂ ಒಂದೇ ಕಬ್ಬಿನ ಮಕ್ಕಳು, ರಕ್ತಕ್ಕೆ ಹೋದ ಮೇಲೆ ಅಂಥ ಭೇದವೇನೂ ಇಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದಾಗ ಅವನಿಗೆ ನಿಜವಾಗಿ ನೋವಾಯಿತು. ‘ಬೆಲ್ಲ ಮಹಾಲಿಂಗಪುರ ಪ್ಯಾಟ್ಯಾಂದು, ಕಬ್ಬು ನಮ್ಮ ಬೀಗರ ಹೊಲದ್ದು. ಅದು ನಮಗ್ಯಾಕ ಘಾತ ಮಾಡೀತ್ರಿ?’ ಎಂದು ಕೇಳಿದನಂತೆ. ಬೀಗತನದ ಈ ವಾದಕ್ಕೆ ವೈದ್ಯಶಾಸ್ತ್ರದಲ್ಲಿ ಉತ್ತರವಿರಲಿಲ್ಲ. ಅಮೀನಗಡದ ಕರದಂಟಿನ ಬಗ್ಗೆಯೂ ಅವನಿಗೊಂದು ಸಿದ್ಧಾಂತವಿತ್ತು. ಅದರಲ್ಲಿ ಅಂಟು ಇದೆ, ಉತ್ತತ್ತಿ ಇದೆ, ಕೊಬ್ಬರಿ ಇದೆ. ಅದು ಬಾಣಂತಿಯರಿಗೂ ಪೈಲವಾನರಿಗೂ ಕೊಡುವ ಔಷಧ, ಸಿಹಿ ಪದಾರ್ಥಗಳ ಯಾದಿಗೆ ಸೇರುವುದಿಲ್ಲ. ತಾನು ಬಾಣಂತಿಯಲ್ಲ ಎಂಬುದನ್ನು ಅವನು ಒಪ್ಪುತ್ತಿದ್ದ.

ಪುಣೆಯಲ್ಲಿರುವ ಮಗ ಹೆಜ್ಜೆ ಎಣಿಸುವ ವಾಚ್ ಕಳಿಸಿದ. ದಿನಕ್ಕೆ 10,000 ಹೆಜ್ಜೆ ಆಗಲೇಬೇಕು, ತಾನು ಅಲ್ಲಿಂದಲೇ ಫೋನಿನಲ್ಲಿ ನೋಡುತ್ತೇನೆ ಎಂದು ತಾಕೀತು ಮಾಡಿದ. ಕಾಕಾ ಒಂದು ವಾರ ನಡೆದ. ಮರುವಾರದಿಂದ ಮಗನಿಗೆ ಬೆರಗು. ಅಪ್ಪ ಮುಂಜಾನೆಯ ನಾಷ್ಟಾ ಹೊತ್ತಿಗೇ 10,000 ದಾಟುತ್ತಿದ್ದಾನೆ, ಕೆಲವು ದಿನ 40,000ವನ್ನೂ! ಹೆಮ್ಮೆಯಿಂದ ಎಲ್ಲರಿಗೂ ಹೇಳಿದ, ಆಮೇಲೆ ಗಾಬರಿಯಾಗಿ ಕಾಕಿಗೆ ಫೋನ್ ಮಾಡಿದ. ‘ನಿಮ್ಮಪ್ಪ ಕುರ್ಚಿ ಬಿಟ್ಟ ಎದ್ದಿಲ್ಲೋ ಯಪ್ಪಾ. ಆ ಗಡಿಯಾರ ಮಗ್ಗಕ್ಕ ಕಟ್ಯಾನ’ ಎಂದಳು ಅವಳು. ಎಳೆ ಒತ್ತಲು ಹಿಂದೆ ಮುಂದೆ ಆಡುವ ಚೌಕಟ್ಟಿಗೆ ಕಾಕಾ ಆ ವಾಚನ್ನು ಬಿಗಿದಿದ್ದ. ಪಾವರ್‌ಲೂಮಿನ ಬಡಿತ ಮಿನಿಟಿಗೆ ನೂರರ ಮೇಲೆ; ಚುರುಕಾಗಿ ನಡೆಯುವ ಮನುಷ್ಯನ ಹೆಜ್ಜೆಯೂ ಹೆಚ್ಚುಕಡಿಮೆ ಅಷ್ಟೇ. ವಾಚಿಗೆ ವ್ಯತ್ಯಾಸ ತಿಳಿಯಲಿಲ್ಲ. ‘ಇಷ್ಟ ವರ್ಷ ನಾ ಅದರ ಕೆಲಸಾ ಮಾಡೇನಿ. ಈಗ ಅದು ನನ್ನ ವಾಕಿಂಗ್ ಮಾಡ್ಲಿ’ ಎಂದ ಕಾಕಾ. ಈ ಮಾತಿಗೆ ನಾನು ನಕ್ಕದ್ದು ಮೊದಲು, ಸುಮ್ಮನಾದದ್ದು ಸ್ವಲ್ಪ ಹೊತ್ತಿನ ಮೇಲೆ.

ಮಗನ ಆ 10,000 ಕೂಡ ಯಾವ ಋಷಿಯ ವಾಕ್ಯವೂ ಅಲ್ಲ. ಟೋಕಿಯೋ ಒಲಿಂಪಿಕ್ಸಿನ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಅದಕ್ಕೆ ಇಟ್ಟ ಹೆಸರಿನಲ್ಲಿದ್ದ ಸಂಖ್ಯೆ ಅದು. 2019ರಲ್ಲಿ ಅಮೆರಿಕದ ವಯಸ್ಸಾದ ಹೆಂಗಸರ ಮೇಲೆ ನಡೆದ ಅಧ್ಯಯನವೊಂದರಲ್ಲಿ 7,500 ಹೆಜ್ಜೆಯ ಆಸುಪಾಸಿಗೆ ಬಂದ ಮೇಲೆ ಲಾಭ ಅಷ್ಟೇನೂ ಏರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೆಜ್ಜೆಯ ಗೊಡವೆಗೇ ಹೋಗದೆ ವಾರಕ್ಕೆ 150 ಮಿನಿಟು ಹದವಾದ ಓಡಾಟವಿರಲಿ, 300 ಆದರೆ ಇನ್ನೂ ಒಳ್ಳೆಯದು ಎನ್ನುತ್ತದೆ. ಕಾಕಾನಿಗೆ ಇದನ್ನೆಲ್ಲ ಓದಿ ಹೇಳಿದೆ. ‘ಅಂದ್ರ ವಸ್ತಾದ ಹೇಳಿದ್ದಽ ಖರೆ ಆತಲಾ’ ಎಂದ. ಅವನಿಗೆ ಅಮೆರಿಕ, ಜಪಾನು, ವಿಶ್ವಸಂಸ್ಥೆ ಎಲ್ಲವೂ ಆ ಗರಡಿಯ ಶಾಖೆಗಳು.

ಈಗ ನಮ್ಮೂರಲ್ಲೂ ನಸುಕಿನ ವಾಕಿಂಗಿನವರು ಹೆಚ್ಚಿದ್ದಾರೆ. ಜಮಖಂಡಿ ರಸ್ತೆಯಲ್ಲಿ ಮಫ್ಲರು ಸುತ್ತಿಕೊಂಡು, ಬಿಳಿ ಬೂಟು ಹಾಕಿಕೊಂಡು, ಎದೆಯುಬ್ಬಿಸಿ ಹೋಗುತ್ತಾರೆ. ಹೋಗುವಾಗ ಎಚ್‌ಬಿಎವನ್‌ಸಿ, ಕೊಲೆಸ್ಟರಾಲು. ಬರುವಾಗ ಚಹಾದಂಗಡಿಯ ಬೆಂಚು, ಎರಡು ಪ್ಲೇಟು ಉಪ್ಪಿಟ್ಟು, ಯಾರದೋ ಮೊಮ್ಮಗನ ಜಾವಳದ ಪೇಢೆ. ಬಾಗಲಕೋಟೆ–ಕುಡಚಿ ರೈಲು ಯಾವಾಗ ಬಂದೀತೆಂಬುದು ಆ ಬೆಂಚಿನ ಕಾಯಂ ವಿಷಯ. 2010ರ ಹೊತ್ತಿಗೆ ಮಂಜೂರಾದ ಹಳಿ ಅದು. ಮೈಗೆ ಎಳ್ಳಷ್ಟೂ ಆಯಾಸ ಮಾಡಿಕೊಳ್ಳದೆ ಬರುತ್ತಿದೆ. ಮಿತವ್ಯಾಯಾಮವನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದವರು ನಮ್ಮ ಭಾಗದಲ್ಲಿ ಬೇರೆ ಯಾರಿದ್ದಾರೆ?

ಮಿತಾಹಾರದ ವಿಷಯ ಬಂದಾಗ ನನಗೆ ಕಾಕಾನಿಗಿಂತ ಕಾಕಿಯ ನೆನಪು ಹೆಚ್ಚು ಕಾಡುತ್ತದೆ. ಅಷ್ಟೊಂದು ಬಡಿಸುತ್ತಿದ್ದವಳು ತಾನೇನು ಉಣ್ಣುತ್ತಿದ್ದಳು ಎಂದು ನಾವು ಯಾರೂ ನೋಡಿದವರಲ್ಲ. ಗಂಡಸರದಾಗಿ, ಮಕ್ಕಳದಾಗಿ, ಬಂದವರದಾಗಿ, ಬಾಗಿಲಿಗೆ ಬಂದ ಜೋಗತಿಗೆ ಹಾಕಿ ಆದ ಮೇಲೆ ಅವಳ ಊಟ. ಒಮ್ಮೆ ನೀರು ಕುಡಿಯಲು ಒಳಗೆ ಹೋದಾಗ ಕಂಡೆ. ಒಲೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ರೊಟ್ಟಿಯ ಬುಟ್ಟಿಯ ತಳ ತಡವುತ್ತಿದ್ದಳು. ಅಲ್ಲಿದ್ದದ್ದು ಚೂರುಗಳು, ಅಂಚು ಮುರಿದವು, ಬೇಯುವಾಗ ಹರಿದವು, ಯಾರಿಗೂ ಬಡಿಸಲು ಬಾರದವು. ಅವನ್ನೆಲ್ಲ ಮಜ್ಜಿಗೆಯಲ್ಲಿ ಮುರಿದು ಹಾಕಿಕೊಂಡು, ಹಿಂಡಿ ಉದುರಿಸಿಕೊಂಡು, ಅವಳ ಊಟ ಮುಗಿಯಿತು. ಒಟ್ಟು ಕೂಡಿಸಿದರೆ ಒಂದು ರೊಟ್ಟಿ ಆದೀತೋ ಇಲ್ಲವೋ. ನನ್ನನ್ನು ಕಂಡು, ‘ಹಸದಿ ಏನೋ? ಬಾ, ಬಿಸಿ ರೊಟ್ಟಿ ತಟ್ಟತೀನಿ’ ಎಂದು ಹಿಟ್ಟಿನ ಡಬ್ಬಿಗೆ ಕೈಹಾಕಿದಳು. ಇಂಥ ಮಿತಾಹಾರವನ್ನು ಯಾವ ಆಯುರ್ವೇದವೂ ಹೊಗಳಿಲ್ಲ. ಹೊಗಳಬಾರದು ಕೂಡ.

ಅವಳ ಶಾಸ್ತ್ರದಲ್ಲಿ ‘ಬ್ಯಾಡ’ ಎಂಬುದನ್ನು ಮೂರು ಸಲ ಅನ್ನಬೇಕಿತ್ತು. ಮೊದಲನೆಯದು ಮರ್ಯಾದೆಗೆ, ಎರಡನೆಯದು ನಾಚಿಕೆಗೆ. ಮೂರನೆಯದರಲ್ಲಿ ಸ್ವಲ್ಪ ಸತ್ಯಾಂಶ ಇರಬಹುದು, ಆದರೂ ಅಷ್ಟು ಹೊತ್ತಿಗೆ ಹೇಗೂ ತಾಟು ತುಂಬಿರುತ್ತಿತ್ತು. ಕಾಕಿ ಹೋದ ಮೇಲೆ ಬಡಿಸುವ ಪಾಳಿ ಸೊಸೆಯದು. ಪುಣೆಯ ಮಗ ಕೆಲಸವನ್ನು ಮನೆಯಿಂದಲೇ ಮಾಡುವಂತಾಗಿ, ಹೆಂಡತಿ ಮಕ್ಕಳೊಂದಿಗೆ ವರ್ಷದ ಅರ್ಧ ಬನಹಟ್ಟಿಯಲ್ಲೇ ಇರುತ್ತಾನೆ. ಸೊಸೆ ಓದಿದ ಹುಡುಗಿ, ಅಕ್ಕರೆಯವಳು. ಮಾವನ ಊಟವನ್ನು ಬಟ್ಟಲಲ್ಲಿ ಅಳೆದು ಹಾಕುತ್ತಾಳೆ, ಗುಳಿಗೆ ತಪ್ಪಿಸುವುದಿಲ್ಲ. ‘ಇನ್ನೊಂದ ರೊಟ್ಟಿ ಹಾಕ್ಲ್ಯಾ ಮಾಮಾ?’ ಎನ್ನುತ್ತಾಳೆ. ಕಾಕಾ ರೂಢಿಯಂತೆ ಮೊದಲನೆಯ ‘ಬ್ಯಾಡ’ ಅನ್ನುತ್ತಾನೆ. ಅವಳು ‘ಹೂಂ’ ಎಂದು ಬುಟ್ಟಿ ಮುಚ್ಚಿ ಒಳಗೆ ಹೋಗಿಬಿಡುತ್ತಾಳೆ. ಕೈತೊಳೆದುಕೊಂಡು ಬಂದು ಕಾಕಾ ನನ್ನ ಕಿವಿಯಲ್ಲಿ ಹೇಳಿದ: ‘ಮೊದಲನೇ ಬ್ಯಾಡಕ್ಕ ಒಪ್ಪಿ ಬಿಡತಾಳೋ ತಮ್ಮಾ.’ ಅವನ ಶುಗರ್ ಈಗ ಹತೋಟಿಯಲ್ಲಿದೆ. ಡಾಕ್ಟರು ಖುಷಿಯಾಗಿದ್ದಾರೆ, ಮಗನೂ. ಸೊಸೆಯ ಬಗ್ಗೆ ಓಣಿಯಲ್ಲಿ ಎಲ್ಲರ ಹತ್ತಿರವೂ ಕಾಕಾ ಒಳ್ಳೆಯ ಮಾತನ್ನೇ ಆಡುತ್ತಾನೆ. ಆದರೆ ಉಣ್ಣಲು ಕೂತಾಗ ಒಂದೊಂದು ಸಲ, ಅವಳು ಬುಟ್ಟಿ ಮುಚ್ಚಿದ ಮೇಲೂ, ಅಂಗೈಯನ್ನು ತಾಟಿನ ಮೇಲೆ ಅಡ್ಡ ಹಿಡಿದೇ ಇರುತ್ತಾನೆ.

ಹೋದ ದೀಪಾವಳಿಗೆ ಊರಿಗೆ ಹೋಗಿದ್ದೆ. ಸಂಜೆ ‘ನಡಿ, ವಾಕಿಂಗ್ ಮಾಡೂಣು’ ಎಂದ. ಮೆಲ್ಲಗೆ ನಡೆದೆವು, ಉಸಿರು ಬಾಯಿಗೆ ಬರುವ ಮೊದಲೇ ಅವನು ನಿಂತ. ನಿಂತದ್ದು ಮಿರ್ಚಿ ಬಂಡಿಯೆದುರು. ಬಂಡಿಯವನು ಇವನನ್ನು ಕಂಡದ್ದೇ ಕೈಯಾಡಿಸಿದ.

‘ಕಾಕಾ, ನಿಮ್ಮ ಮಗಾ ಬಂದ ಹೇಳಿ ಹೋಗ್ಯಾನ್ರಿ. ನಿಮಗ ಒಂದಽ ಕೊಡಬೇಕಂತ.’

‘ನಾ ಎಷ್ಟ ಕೇಳೇನಿ? ಒಂದಽ ಕೊಡು. ಈ ಹುಡುಗಗ ನಾಕ ಕೊಡು.’

ಐವತ್ತು ದಾಟಿದ ಹುಡುಗ ನಾನು. ಕರಿದದ್ದನ್ನು ಬಿಡಬೇಕೆಂದು ನನಗೂ ಬುದ್ಧಿ ಹೇಳುವವರಿದ್ದಾರೆ. ‘ನನಗ ಬ್ಯಾಡ ಕಾಕಾ’ ಎಂದೆ. ಅವನು ಕೇಳಿಸಿಕೊಳ್ಳಲಿಲ್ಲ. ‘ಖರೇನ ಬ್ಯಾಡ’ ಎಂದೆ. ಅವನು ನನ್ನ ಮುಖ ನೋಡಲಿಲ್ಲ, ಬಾಣಲೆಯಲ್ಲಿ ಹೊರಳುತ್ತಿದ್ದ ಮಿರ್ಚಿಗಳನ್ನೇ ನೋಡುತ್ತಿದ್ದ. ಮೂರನೆಯದನ್ನು ನಾನು ಅನ್ನಲಿಲ್ಲ. ನಾಲ್ಕರಲ್ಲಿ ಎರಡು ಯಾವಾಗ ಅತ್ತ ಸರಿದವೋ ನಾವಿಬ್ಬರೂ ನೋಡಲು ಹೋಗಲಿಲ್ಲ. ಚುರುಮುರಿ ಮುಕ್ಕುತ್ತ ಹಳೆಯ ಕುಸ್ತಿಯೊಂದರ ಸುದ್ದಿ ಮಾತಾಡಿದೆವು.

ಅಷ್ಟರಲ್ಲಿ ನನ್ನ ಫೋನು. ಕಾಕಾನ ಮಗ.

‘ಅಣ್ಣಾ, ಮಿರ್ಚಿ ಬಂಡಿ ಕಡೆ ಹೋಗಿಲ್ಲಲಾ ಅಪ್ಪ?’

‘ಬಂದೀವಿ. ಒಂದಽ ತಿಂದಾನ.’

‘ಮತ್ತ ನೀ?’

‘ನಾಕ.’

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ‘ಸಿಟ್ಟಾಗಬ್ಯಾಡಣ್ಣಾ, ನಿನ್ನ ವಯಸ್ಸಿಗೆ ನಾಕ ಹೆಚ್ಚಾತು. ಅಪ್ಪನ್ನ ನೋಡಿ ಕಲಿ’ ಎಂದ ಅವನು. ಕಾಕಾ ಎಣ್ಣೆ ಬೆರಳನ್ನು ನನ್ನ ಕರವಸ್ತ್ರಕ್ಕೆ ಒರೆಸುತ್ತ ಗಂಭೀರವಾಗಿ ತಲೆದೂಗಿದ.